ಗೂಢಚಾರರು ಕಪಾಟಿಗೆ ಬಂದ ಕಥೆ

ಇಂಗ್ಲೆಂಡಿನ ಯಾವುದೋ ಊರಿನ ಹೊರವಲಯ, ಬೇಸಿಗೆಯ ಭಾನುವಾರದ ಬೆಳಗು. ಹುಲ್ಲಿನ ಬಯಲಿನಲ್ಲಿ ಸಾಲಾಗಿ ಕಾರುಗಳು ನಿಂತಿವೆ. ಎಲ್ಲದರ ಡಿಕ್ಕಿಯೂ ತೆರೆದಿದೆ. ಮಕ್ಕಳ ಸೈಕಲ್ಲು, ಪಿಂಗಾಣಿ ಬಸಿ, ನಿಂತುಹೋದ ಗಡಿಯಾರ, ಮನೆಗೆ ಬೇಡವಾದದ್ದೆಲ್ಲ ಮಡಚುವ ಮೇಜುಗಳ ಮೇಲೆ ಬಂದು ಕೂತಿದೆ. ಕಾರ್ ಬೂಟ್ ಸೇಲ್ ಎಂಬ ಈ ವಾರದ ಸಂತೆಯಲ್ಲಿ ಒಬ್ಬಾತ ಮಾತ್ರ ಬೇರೇನನ್ನೂ ಕಣ್ಣೆತ್ತಿ ನೋಡದೆ ಒಂದು ರಟ್ಟಿನ ಡಬ್ಬದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಡಬ್ಬದ ತುಂಬ ಡಿವಿಡಿ. ಅಡುಗೆ ಕಾರ್ಯಕ್ರಮ, ಫುಟ್‌ಬಾಲ್, ವ್ಯಾಯಾಮದ ಪಾಠ ಎಲ್ಲವನ್ನೂ ದಾಟುತ್ತ ಬಂದ ಬೆರಳು ಒಂದು ಕಡೆ ನಿಲ್ಲುತ್ತದೆ: 'ಕ್ಯಾಲನ್'. ಪೆಟ್ಟಿಗೆ ತೆರೆದು ಡಿಸ್ಕುಗಳನ್ನು ಒಂದೊಂದಾಗಿ ಬಿಸಿಲಿಗೆ ಓರೆ ಹಿಡಿದು ಗೀರು ನೋಡುತ್ತಾನೆ. ಒಳಗೆ ಪುಸ್ತಿಕೆ ಇದೆಯೇ ಎಂದು ತಡಕುತ್ತಾನೆ. ಮಾರುವಾಕೆಗೆ ಅದು ತೀರಿಹೋದ ಮಾವನ ಸಾಮಾನು, ಬಂದಷ್ಟು ಬಂದರೆ ಸಾಕು. ಈತ ಚೌಕಾಸಿ ಮಾಡದೆ ದುಡ್ಡು ಕೊಟ್ಟು ಎದ್ದುಬಿಡುತ್ತಾನೆ, ಎಲ್ಲಿ ಆಕೆ ಮನಸ್ಸು ಬದಲಿಸುತ್ತಾಳೋ ಎನ್ನುವ ಹಾಗೆ.

ಆ ಪೆಟ್ಟಿಗೆಯಲ್ಲಿರುವುದು ಅರ್ಧ ಶತಮಾನ ಹಿಂದಿನ ಟೀವಿ ಧಾರಾವಾಹಿ. ಬ್ರಿಟನ್ನಿನ ಹಳೆಯ ಗೂಢಚಾರ ಧಾರಾವಾಹಿಗಳನ್ನು ಕ್ಯಾಸೆಟ್, ಡಿವಿಡಿ, ಬ್ಲೂ-ರೇಗಳಲ್ಲಿ ಹುಡುಕಿ ಕೂಡಿಡುವ ಹವ್ಯಾಸ ಅಲ್ಲಿ ಗಟ್ಟಿಯಾಗಿ ಬೇರೂರಿದೆ. ಬಾಲ್ಯದ ನೆನಪಿನ ಚಪಲ ಎಂದು ನಗುವವರಿದ್ದಾರೆ. ಆದರೆ ಇಂಥವರ ಕಪಾಟನ್ನು ಸ್ವಲ್ಪ ಹೊತ್ತು ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಕೆಲವು ಧಾರಾವಾಹಿಗಳು ನಿನ್ನೆ ಚಿತ್ರೀಕರಿಸಿದಂತೆ ಹೊಳೆಯುತ್ತವೆ. ಕೆಲವು ಮಂಜಿನಲ್ಲಿ ನೋಡಿದಂತೆ ಮಸುಕು. ಇನ್ನು ಕೆಲವಕ್ಕೆ ಮೊದಲರ್ಧವೇ ಇಲ್ಲ. ಒಳ್ಳೆಯದು ಉಳಿಯಿತು, ಕೆಟ್ಟದ್ದು ಹೋಯಿತು ಎಂದೇನೂ ಅಲ್ಲ. ಹೊರದೇಶಕ್ಕೆ ಮಾರಲೆಂದು ಮಾಡಿದ್ದು ಉಳಿಯಿತು, ಮನೆಯವರಿಗೆಂದು ಮಾಡಿದ್ದು ಅಳಿಯಿತು ಎನ್ನುವುದು ನಿಜಕ್ಕೆ ಹತ್ತಿರ.

ಬಾಂಡ್‌ಗಿಂತ ಮೊದಲೇ

ಜೇಮ್ಸ್ ಬಾಂಡ್‌ನ ಮೊದಲ ಚಿತ್ರ 'ಡಾಕ್ಟರ್ ನೋ' ತೆರೆಗೆ ಬಂದದ್ದು 1962ರ ಅಕ್ಟೋಬರಿನಲ್ಲಿ. ಅದಕ್ಕೆ ಎರಡು ವರ್ಷ ಮುಂಚೆಯೇ, 1960ರಲ್ಲಿ, 'ಡೇಂಜರ್ ಮ್ಯಾನ್' ಬ್ರಿಟಿಷ್ ಕಿರುತೆರೆಯಲ್ಲಿ ಶುರುವಾಗಿತ್ತು. ಪ್ಯಾಟ್ರಿಕ್ ಮಗೂಹನ್ ನಟಿಸಿದ ಜಾನ್ ಡ್ರೇಕ್ ಹೆಂಗಸರ ಹಿಂದೆ ಬೀಳುವವನಲ್ಲ, ಪಿಸ್ತೂಲು ಹಿಡಿಯುವುದೂ ಅಪರೂಪ, ಕೆಲಸವೆಲ್ಲ ತಲೆಯಿಂದ. 1961ರ ಜನವರಿಯಲ್ಲಿ 'ದಿ ಅವೆಂಜರ್ಸ್' ಬಂತು. ಅಮೆರಿಕದ ಕಾಮಿಕ್ಸ್ ವೀರರಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿರುವುದು ದುಂಡು ಟೋಪಿ, ಮಡಚಿದ ಕೊಡೆಯ ಜಾನ್ ಸ್ಟೀಡ್ ಮತ್ತು ಕಾಲಕಾಲಕ್ಕೆ ಬದಲಾಗುವ ಅವನ ಜೊತೆಗಾರರು.

ಜನರಿಗೆ ಈ ಕಥೆಗಳು ರುಚಿಸಲು ಕಾರಣ ಪೇಪರಿನಲ್ಲೇ ಇತ್ತು. 1961ರಲ್ಲಿ ಬ್ರಿಟಿಷ್ ಬೇಹುಗಾರಿಕಾ ಸಂಸ್ಥೆಯ ಒಳಗೇ ಇದ್ದ ಜಾರ್ಜ್ ಬ್ಲೇಕ್ ಸೋವಿಯತ್ ಒಕ್ಕೂಟಕ್ಕೆ ದುಡಿಯುತ್ತಿದ್ದನೆಂದು 42 ವರ್ಷ ಜೈಲು ಶಿಕ್ಷೆಯಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಬರ್ಲಿನ್ ಗೋಡೆ ಎದ್ದಿತು. 1963ರ ಜನವರಿಯಲ್ಲಿ ಅದೇ ಸಂಸ್ಥೆಯಲ್ಲಿ ದುಡಿದಿದ್ದ ಕಿಮ್ ಫಿಲ್ಬಿ ಬೈರೂತಿನಿಂದ ನಾಪತ್ತೆಯಾಗಿ ಮಾಸ್ಕೋ ಸೇರಿದ. ಬೆಳಗ್ಗೆ ಪೇಪರಿನಲ್ಲಿ ಓದಿದ ದ್ರೋಹವನ್ನೇ ರಾತ್ರಿ ಊಟದ ನಂತರ ಚಂದದ ಉಡುಪಿನಲ್ಲಿ ನೋಡಬಹುದಿತ್ತು.

ಆ ಗಾಳಿ ನಮ್ಮಲ್ಲಿಗೂ ಬೀಸಿತ್ತು, ಬಾಂಡ್ ಚಿತ್ರಗಳ ಮೂಲಕ. ದೊರೈ-ಭಗವಾನ್ ಜೋಡಿ 1968ರಲ್ಲಿ 'ಜೇಡರ ಬಲೆ' ತೆಗೆದು ರಾಜ್‌ಕುಮಾರ್ ಅವರನ್ನು ಸಿಐಡಿ 999 ಆಗಿಸಿತು. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999'. ಲಂಡನ್ನಿನಲ್ಲಿ ಸ್ಟೀಡ್ ಕೊಡೆ ತಿರುಗಿಸುತ್ತಿದ್ದ ಹೊತ್ತಿಗೇ ಬೆಂಗಳೂರಿನ ಟಾಕೀಸುಗಳಲ್ಲಿ ಸಿಐಡಿ 999 ಪ್ರಕಾಶ್ ಖಳರನ್ನು ಸದೆಬಡಿಯುತ್ತಿದ್ದ.

ಡಾಲರ್ ನೆಚ್ಚಿದವರು

ಬ್ರಿಟನ್ನಿನ ಹೊಳಪಿನ ಧಾರಾವಾಹಿಗಳ ಹಿಂದಿದ್ದ ಹೆಸರು ಲ್ಯೂ ಗ್ರೇಡ್. ಬಾಲ್ಯದಲ್ಲಿ ಇಂದಿನ ಉಕ್ರೇನಿನಿಂದ ವಲಸೆ ಬಂದು, ಚಾರ್ಲ್ಸ್‌ಟನ್ ನೃತ್ಯಗಾರನಾಗಿ ವೇದಿಕೆ ಏರಿ, ಕಲಾವಿದರ ಏಜೆಂಟನಾಗಿ, ಕೊನೆಗೆ ಟೀವಿ ದೊರೆಯಾದವನು. ಅವನ ಐಟಿಸಿ ಕಂಪನಿಯ ಲೆಕ್ಕಾಚಾರ ಸರಳ: ಬ್ರಿಟನ್ನಿನಲ್ಲಿ ಸಿಗುವ ದುಡ್ಡು ಸಾಲದು, ಅಮೆರಿಕಕ್ಕೆ ಮಾರಬೇಕು. ಎರಡು ದೇಶಗಳ ಟೀವಿ ಪದ್ಧತಿ ಬೇರೆಬೇರೆ. ಒಂದರ ವಿಡಿಯೊ ಟೇಪು ಇನ್ನೊಂದರಲ್ಲಿ ಓಡದು. ಆದರೆ ಫಿಲ್ಮು ಎಲ್ಲ ಕಡೆ ಓಡುತ್ತದೆ. ಹೀಗಾಗಿ 'ಡೇಂಜರ್ ಮ್ಯಾನ್', 'ದಿ ಸೇಂಟ್', 'ಮ್ಯಾನ್ ಇನ್ ಎ ಸೂಟ್‌ಕೇಸ್', 'ದಿ ಚಾಂಪಿಯನ್ಸ್' ಎಲ್ಲವನ್ನೂ ಚಲನಚಿತ್ರದಂತೆಯೇ 35 ಎಂಎಂ ಫಿಲ್ಮಿನಲ್ಲಿ ತೆಗೆದರು.

ದುಡ್ಡು ಉಳಿಸುವ ಉಪಾಯಗಳಿಗೇನೂ ಕೊರತೆಯಿರಲಿಲ್ಲ. ಕಥೆ ರೋಮಿನಲ್ಲಿರಲಿ, ಕೈರೋದಲ್ಲಿರಲಿ, ಚಿತ್ರೀಕರಣ ಹೆಚ್ಚಾಗಿ ಲಂಡನ್ ಪಕ್ಕದ ಬೋರಮ್‌ವುಡ್ ಸ್ಟುಡಿಯೊಗಳ ಆಸುಪಾಸಿನಲ್ಲೇ. ಒಂದು ಕುಂಡದಲ್ಲಿ ತಾಳೆ ಗಿಡ ಇಟ್ಟರೆ ಅದು ಮೆಡಿಟರೇನಿಯನ್. ಇನ್ನು ಬೆಟ್ಟದ ಅಂಚಿನಿಂದ ಉರುಳುವ ಆ ಬಿಳಿ ಜಾಗ್ವಾರ್ ಕಾರಂತೂ ಐಟಿಸಿ ಅಭಿಮಾನಿಗಳಿಗೆ ಮನೆಯ ಸದಸ್ಯನಿದ್ದಂತೆ. ಒಮ್ಮೆ ತೆಗೆದ ಆ ತುಣುಕನ್ನೇ ಧಾರಾವಾಹಿಯಿಂದ ಧಾರಾವಾಹಿಗೆ ಅಂಟಿಸಿದರು. ಖಳ ಬಿಳಿ ಜಾಗ್ವಾರ್ ಹತ್ತಿದನೆಂದರೆ ಅವನ ಗತಿ ಏನೆಂದು ಡಿವಿಡಿ ನೋಡುವವನಿಗೆ ಆಗಲೇ ಗೊತ್ತು.

ಇಲ್ಲಿ ಇನ್ನೊಂದು ತಮಾಷೆಯಿದೆ. ಅಮೆರಿಕದವರು ಬಣ್ಣ ಬೇಕೆಂದರು. 'ದಿ ಅವೆಂಜರ್ಸ್'ನಲ್ಲಿ ಡಯಾನಾ ರಿಗ್ ನಟಿಸಿದ ಎಮ್ಮಾ ಪೀಲ್‌ಳ ಸಾಹಸಗಳು 1967ರಿಂದ ಬಣ್ಣಕ್ಕೆ ತಿರುಗಿದವು. ಮಗೂಹನ್‌ನ 'ದಿ ಪ್ರಿಸನರ್' ಕೂಡ ಅದೇ ವರ್ಷ ಬಣ್ಣದಲ್ಲೇ ಬಂತು. ಆದರೆ ಇವನ್ನು ಪ್ರಸಾರ ಮಾಡಿದ ಐಟಿವಿ ಜಾಲ ಬಣ್ಣಕ್ಕೆ ಬದಲಾದದ್ದು 1969ರ ನವೆಂಬರ್ 15ರಂದು. ಅಂದರೆ ಬ್ರಿಟನ್ನಿನ ವೀಕ್ಷಕರು ಇವನ್ನು ಮೊದಲು ನೋಡಿದ್ದು ಕಪ್ಪು-ಬಿಳುಪಿನಲ್ಲಿ. 'ದಿ ಪ್ರಿಸನರ್'ನ ಮೂಲ ನೆಗೆಟಿವ್‌ಗಳನ್ನು ಶುಚಿ ಮಾಡಿ 2009ರಲ್ಲಿ ಬ್ಲೂ-ರೇ ತಂದಾಗ, ಚಿತ್ರೀಕರಣ ನಡೆದ ವೇಲ್ಸ್‌ನ ಪೋರ್ಟ್‌ಮೇರಿಯನ್ ಗ್ರಾಮದ ಗುಲಾಬಿ ಗೋಡೆಗಳೂ ಹಳದಿ ಕಮಾನುಗಳೂ ಮೊದಲ ಪ್ರಸಾರದಲ್ಲಿ ಯಾರಿಗೂ ಕಾಣದಷ್ಟು ನಿಚ್ಚಳವಾಗಿ ಕಂಡವು. ಬಾಲ್ಯವನ್ನು ಮತ್ತೆ ಕೊಳ್ಳುತ್ತಿದ್ದೇನೆ ಎಂದುಕೊಂಡವನು ನಿಜವಾಗಿ ಕೊಂಡದ್ದು ತಾನು ಬಾಲ್ಯದಲ್ಲಿ ನೋಡದೇ ಇದ್ದದ್ದನ್ನು.

ಒರೆಸಿಹಾಕಿದ ಟೇಪು

ಈಗ ಕಪಾಟಿನ ಇನ್ನೊಂದು ತುದಿಗೆ ಬರೋಣ. ಹೊರಗೆ ಮಾರುವ ಆಸೆ ಅಷ್ಟಾಗಿ ಇಲ್ಲದ ಧಾರಾವಾಹಿಗಳನ್ನು ಸ್ಟುಡಿಯೊದೊಳಗೆ ನಾಟಕದಂತೆ ಆಡಿಸಿ, ವಿಡಿಯೊ ಟೇಪಿನಲ್ಲಿ ಹಿಡಿಯುತ್ತಿದ್ದರು. ಆ ಟೇಪು ಎರಡು ಇಂಚು ಅಗಲ, ಬೆಲೆಯೋ ವಿಪರೀತ. ಆದರೆ ಅದರ ಮೇಲಿದ್ದುದನ್ನು ಶಾಲೆಯ ಸ್ಲೇಟಿನಂತೆ ಒರೆಸಿ ಮತ್ತೆ ಬಳಸಬಹುದಿತ್ತು. ನಟರ ಸಂಘದೊಂದಿಗಿನ ಒಪ್ಪಂದದ ಪ್ರಕಾರ ಮರುಪ್ರಸಾರಕ್ಕೆ ಮಿತಿಯಿತ್ತು, ಮತ್ತೆ ತೋರಿಸಿದರೆ ಮತ್ತೆ ಹಣ ಕೊಡಬೇಕು. ಮನೆಯಲ್ಲಿ ನೋಡುವ ಯಂತ್ರವೇ ಇಲ್ಲದ ಕಾಲ. ಬಣ್ಣ ಬಂದ ಮೇಲಂತೂ ಕಪ್ಪು-ಬಿಳುಪಿನದಕ್ಕೆ ಬೆಲೆಯೇ ಇಲ್ಲವೆಂದರು. ಬಿಬಿಸಿಯಲ್ಲೂ ಐಟಿವಿ ಕಂಪನಿಗಳಲ್ಲೂ ಸಾವಿರಾರು ಗಂಟೆಗಳ ಕಾರ್ಯಕ್ರಮ ಹೀಗೆ ಅಳಿಯಿತು. ಒರೆಸಿದ ನೌಕರರನ್ನು ಇಂದು ಬೈಯುವುದು ಸುಲಭ. ಖಾಲಿ ಜಾಗ, ಖಾಲಿ ಟೇಪು ಎರಡನ್ನೂ ಅವರಿಂದ ಕೇಳುತ್ತಿದ್ದ ಮೇಲಧಿಕಾರಿಗಳನ್ನು ಯಾರೂ ನೆನೆಯುವುದಿಲ್ಲ.

'ದಿ ಅವೆಂಜರ್ಸ್' ಒಂದರಲ್ಲೇ ಈ ಎರಡೂ ಜಗತ್ತು ಸಿಗುತ್ತವೆ. ಎಮ್ಮಾ ಪೀಲ್ ಬಂದ ಮೇಲಿನ ಕಂತುಗಳು ಫಿಲ್ಮಿನವು, ಎಲ್ಲವೂ ಇವೆ. 1961ರ ಮೊದಲ ಸರಣಿಯಲ್ಲಿ ನಾಯಕ ಸ್ಟೀಡ್ ಅಲ್ಲ, ಇಯಾನ್ ಹೆಂಡ್ರಿ ನಟಿಸಿದ ಡಾಕ್ಟರ್ ಕೀಲ್. ಆ 26 ಕಂತುಗಳಲ್ಲಿ ಇಡಿಯಾಗಿ ಉಳಿದಿರುವುದು ಮೂರು. ಮೊಟ್ಟಮೊದಲ ಕಂತಿನ ಆರಂಭದ ಭಾಗ ಮಾತ್ರ ಇದೆ. ಡಾಕ್ಟರನ ಮದುವೆಯಾಗಲಿದ್ದ ಹುಡುಗಿ ಗುಂಡೇಟಿಗೆ ಬಲಿಯಾಗುತ್ತಾಳೆ, ಕೊಂದವನನ್ನು ಹುಡುಕಲು ಅವನು ಹೊರಡುತ್ತಾನೆ, ಅಷ್ಟರಲ್ಲಿ ಫಿಲ್ಮು ಮುಗಿಯುತ್ತದೆ.

'ಕ್ಯಾಲನ್'ಗೆ ಆದದ್ದು ನನ್ನ ಮಟ್ಟಿಗೆ ಇನ್ನೂ ದೊಡ್ಡ ನಷ್ಟ. 1967ರಲ್ಲಿ ಶುರುವಾದ ಇದರಲ್ಲಿ ಎಡ್ವರ್ಡ್ ವುಡ್‌ವರ್ಡ್ ಸರ್ಕಾರದ ಪರವಾಗಿ ಕೊಲ್ಲುವವನು. ಕೊಲ್ಲುವುದು ಅವನಿಗೆ ಇಷ್ಟವಿಲ್ಲ, ಆದರೆ ಕೈ ಪಳಗಿದೆ. ಶೀರ್ಷಿಕೆಯಲ್ಲಿ ತೂಗಾಡುವ ಬರಿ ಬಲ್ಬು, ಗುಂಡೇಟಿಗೆ ಅದು ಒಡೆಯುವುದು. ಅವನಿಗೆ ನೆರವಾಗುವ, ಹತ್ತಿರ ಬಂದರೆ ಮೂಗು ಮುಚ್ಚಿಕೊಳ್ಳುವಂತೆ ನಾರುವ ಲೋನ್ಲಿ ಎಂಬ ಚಿಲ್ಲರೆ ಕಳ್ಳ. ಇಡೀ ಧಾರಾವಾಹಿಗೆ ತೇವ ಹಿಡಿದ ಗೋಡೆಯ ವಾಸನೆಯಿದೆ. 'ದಿ ಸೇಂಟ್'ನ ಹತ್ತು ಕಂತಿಗಿಂತ ಇದರ ಒಂದು ಕಂತು ಮೇಲು ಎಂದು ನಾನಾದರೆ ವಾದಿಸುತ್ತೇನೆ. 'ದಿ ಸೇಂಟ್'ನ 118 ಕಂತುಗಳೂ ಉಳಿದಿವೆ. 'ಕ್ಯಾಲನ್'ನ ಕಪ್ಪು-ಬಿಳುಪು ಸರಣಿಗಳಲ್ಲಿ ಹತ್ತು ಕಂತುಗಳು ಇಲ್ಲ.

ತೆರೆಗೆ ಕ್ಯಾಮೆರಾ ಹಿಡಿದವರು

ಹಾಗಾದರೆ ಟೇಪಿನವು ಒಂದಷ್ಟಾದರೂ ಉಳಿದದ್ದು ಹೇಗೆ? ಕೆಲವು ಕಾರ್ಯಕ್ರಮಗಳನ್ನು ಕಾಮನ್‌ವೆಲ್ತ್ ದೇಶಗಳಿಗೂ ಇತರೆಡೆಗೂ ಮಾರಲು ಒಂದು ದೇಸಿ ಉಪಾಯ ಮಾಡುತ್ತಿದ್ದರು: ಟೀವಿ ತೆರೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ಓಡುವ ಚಿತ್ರವನ್ನೇ 16 ಎಂಎಂ ಫಿಲ್ಮಿಗೆ ಇಳಿಸುವುದು. ಇದನ್ನು ಟೆಲಿರೆಕಾರ್ಡಿಂಗ್ ಎನ್ನುತ್ತಾರೆ. ಆ ಸುರುಳಿಗಳು ಒಂದು ದೇಶದಿಂದ ಇನ್ನೊಂದಕ್ಕೆ ಸಾಗುತ್ತ, ಎಲ್ಲೋ ಒಂದು ಟೀವಿ ಕೇಂದ್ರದ ಉಗ್ರಾಣದಲ್ಲಿ ಮರೆತುಹೋಗುತ್ತಿದ್ದವು. 'ಡಾಕ್ಟರ್ ಹೂ' ಧಾರಾವಾಹಿಯ ಕಾಣೆಯಾಗಿದ್ದ ಒಂಬತ್ತು ಕಂತು ನೈಜೀರಿಯಾದಲ್ಲಿ ಸಿಕ್ಕ ಸುದ್ದಿ 2013ರಲ್ಲಿ ಹೊರಬಂತು. 'ದಿ ಅವೆಂಜರ್ಸ್'ನ ಎರಡು, ಮೂರನೆಯ ಸರಣಿಗಳು ಇಂದು ನಮಗಿರುವುದೂ ಈ ಬಗೆಯ ಫಿಲ್ಮಿನಲ್ಲೇ. ಆನರ್ ಬ್ಲ್ಯಾಕ್‌ಮನ್ ಚರ್ಮದ ಉಡುಪಿನಲ್ಲಿ ಗಂಡಸರನ್ನು ಎತ್ತಿ ಒಗೆಯುವ ಆ ಕಂತುಗಳನ್ನು ಬಹುಮಟ್ಟಿಗೆ ಒಂದೇ ಓಟದಲ್ಲಿ ಆಡಿಸಿದ್ದರು. ಮಾತು ತಡವರಿಸುವುದು, ಗೋಡೆ ಅಲುಗುವುದು, ಮೈಕಿನ ನೆರಳು ನಟನ ಹಣೆಯ ಮೇಲೆ ಬೀಳುವುದು ಎಲ್ಲವೂ ಹಾಗೆಯೇ ಇದೆ. ನನಗೆ ಅದೇ ಇಷ್ಟ.

ಮೊದಲ ಸರಣಿಯ ಕಾಣೆಯಾದ ಕಂತುಗಳ ಒಂದಷ್ಟು ನೋಟ ಸಿಗುವುದು ಜಾನ್ ಕ್ಯುರಾ ಎಂಬಾತನಿಂದ. ಟೀವಿ ಪ್ರಸಾರವಾಗುತ್ತಿದ್ದಾಗ ತೆರೆಯ ಫೋಟೊ ತೆಗೆದು, 'ನೀವು ಮಾಡಿದ ಕೆಲಸದ ಗುರುತು ಇಟ್ಟುಕೊಳ್ಳಿ' ಎಂದು ನಟರಿಗೂ ನಿರ್ದೇಶಕರಿಗೂ ಮಾರುವುದೇ ಅವನ ಕಸುಬು. ಹೊಟ್ಟೆಪಾಡಿಗೆ ತೆಗೆದ ಆ ಪುಟ್ಟ ಫೋಟೊಗಳನ್ನು ಕ್ರಮವಾಗಿ ಜೋಡಿಸಿ, ಕಥೆ ಓದಿಸಿ, ಡಿವಿಡಿಯಲ್ಲಿ ಕಾಣೆಯಾದ ಕಂತುಗಳಿಗೆ ಒಂದು ಆಕಾರ ಕೊಟ್ಟಿದ್ದಾರೆ. ಬಿಗ್ ಫಿನಿಶ್ ಎಂಬ ಕಂಪನಿ ಹೊಸ ನಟರಿಂದ ಆ ಕಥೆಗಳನ್ನು ಶ್ರವ್ಯನಾಟಕಗಳಾಗಿ ಆಡಿಸಿತು.

ಹುಡುಕಾಟ ನಿಂತಿಲ್ಲ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1993ರಿಂದ, ಅಳಿದುಹೋಯಿತೆಂದು ಕೈಬಿಟ್ಟು ಮತ್ತೆ ಸಿಕ್ಕ ಕಾರ್ಯಕ್ರಮಗಳನ್ನು ತೋರಿಸುತ್ತ ಬಂದಿದೆ. 2016ರಲ್ಲಿ ಕಲೈಡೊಸ್ಕೋಪ್ ಎಂಬ ಹವ್ಯಾಸಿ ಮೂಲದ ಸಂಸ್ಥೆ 'ದಿ ಅವೆಂಜರ್ಸ್'ನ 'ಟನಲ್ ಆಫ್ ಫಿಯರ್' ಕಂತನ್ನು ಪತ್ತೆಮಾಡಿತು. ಇಡಿಯಾಗಿ ಉಳಿದ ಮೂರರಲ್ಲಿ ಅದೂ ಒಂದು.

ಕ್ಯಾಸೆಟ್ಟಿನಿಂದ ಡಿಸ್ಕಿಗೆ

ವಿಎಚ್‌ಎಸ್ ಯಂತ್ರವನ್ನು ಜಪಾನಿನ ಜೆವಿಸಿ ಹೊರತಂದದ್ದು 1976ರಲ್ಲಿ. ಎಂಬತ್ತರ ದಶಕದಲ್ಲಿ ಬ್ರಿಟನ್ನಿನ ಕಂಪನಿಗಳು ಹಳೆಯ ಧಾರಾವಾಹಿಗಳನ್ನು ಕ್ಯಾಸೆಟ್ಟಿಗಿಳಿಸಿ ಮಾರತೊಡಗಿದವು. 50 ನಿಮಿಷದ ಕಂತುಗಳಾದ್ದರಿಂದ ಸಾಮಾನ್ಯವಾಗಿ ಒಂದು ಕ್ಯಾಸೆಟ್ಟಿಗೆ ಎರಡು. 'ದಿ ಪ್ರಿಸನರ್'ನ ಹದಿನೇಳು ಕಂತಿಗೇ ಅರ್ಧ ಗೂಡು ಬೇಕಿತ್ತು. ದೀರ್ಘ ಧಾರಾವಾಹಿಗಳು ಪೂರ್ತಿ ಹೊರಬಂದದ್ದೇ ಅಪರೂಪ; ಚೆನ್ನಾಗಿ ಓಡುವ ಕಂತುಗಳನ್ನಷ್ಟೇ ಆರಿಸಿ ಕೊಡುತ್ತಿದ್ದರು.

ಡಿವಿಡಿ ಈ ಲೆಕ್ಕವನ್ನೇ ಬದಲಿಸಿತು. ತೆಳು ಪೆಟ್ಟಿಗೆಯಲ್ಲಿ ಇಡೀ ಸರಣಿ ಹಿಡಿಯಿತು. ಇದನ್ನು ಚೆನ್ನಾಗಿ ಅರಿತದ್ದು ನೆಟ್‌ವರ್ಕ್ ಎಂಬ ಬ್ರಿಟಿಷ್ ಕಂಪನಿ. ಟಿಮ್ ಬೆಡೋಸ್ 1997ರಲ್ಲಿ ಕಟ್ಟಿದ ಅದು ಐಟಿಸಿ ಭಂಡಾರವನ್ನೆಲ್ಲ ಜಾಲಾಡಿತು. ಹೆಸರಾದದ್ದನ್ನಷ್ಟೇ ಅಲ್ಲ, ಸಾವಿರ ಪ್ರತಿ ಹೋದರೆ ಹೆಚ್ಚೆನಿಸುವಂಥದ್ದನ್ನೂ ತಂದಿತು. 'ಕ್ಯಾಲನ್'ನ ಅಳಿದುಳಿದ ಕಪ್ಪು-ಬಿಳುಪು ಕಂತುಗಳು ಡಿಸ್ಕಿಗೆ ಬಂದದ್ದೂ ಅದರಿಂದಲೇ. ಅದರ ಹಲವು ಸೆಟ್ಟುಗಳಲ್ಲಿ ಆಂಡ್ರ್ಯೂ ಪಿಕ್ಸ್ಲಿ ಬರೆದ ಪುಸ್ತಿಕೆಗಳಿದ್ದವು. ಯಾವ ದಿನ ಯಾವ ರಸ್ತೆಯಲ್ಲಿ ಚಿತ್ರೀಕರಣ ನಡೆಯಿತು ಎಂಬಷ್ಟರ ಮಟ್ಟಿಗೆ ದಾಖಲೆ. ಡಿಸ್ಕಿದ್ದು ಪುಸ್ತಿಕೆ ಇಲ್ಲದ ಪೆಟ್ಟಿಗೆಗೆ ಸಂಗ್ರಾಹಕರು ಮೂಗು ಮುರಿಯುವುದು ಇದಕ್ಕೇ.

ಎಲ್ಲ ಡಿಸ್ಕೂ ಒಂದೇ ಅಲ್ಲ

ಹೊಸಬರು ಎಡವುವುದು ಇಲ್ಲಿ. ಅಲೆಕ್ ಗಿನ್ನೆಸ್ ನಟಿಸಿದ ಬಿಬಿಸಿಯ 'ಟಿಂಕರ್ ಟೇಲರ್ ಸೋಲ್ಜರ್ ಸ್ಪೈ' 1979ರಲ್ಲಿ ಏಳು ಕಂತುಗಳಲ್ಲಿ ಪ್ರಸಾರವಾಯಿತು. ಎದುರಾಳಿ ಐಟಿವಿ ಆಗ ಮುಷ್ಕರದಿಂದ ಮುಚ್ಚಿಹೋಗಿದ್ದರಿಂದ ದೇಶಕ್ಕೆ ದೇಶವೇ ಕೂತು ಜಾನ್ ಲ ಕಾರೆಯ ಈ ನಿಧಾನದ ಕಥೆಯನ್ನು ನೋಡಿತು. ಕೊನೆಯ ಕಂತು ಮುಗಿದು ತಿಂಗಳಾಗುವ ಮೊದಲೇ, ರಾಣಿಯ ಚಿತ್ರಸಂಗ್ರಹ ನೋಡಿಕೊಂಡಿದ್ದ ಆಂಟನಿ ಬ್ಲಂಟ್ ಸೋವಿಯತ್ ಗೂಢಚಾರನಾಗಿದ್ದನೆಂದು ಪ್ರಧಾನಿ ಥ್ಯಾಚರ್ ಸಂಸತ್ತಿನಲ್ಲಿ ಬಯಲುಮಾಡಿದರು. ಅಮೆರಿಕಕ್ಕೆ ಹೋಗುವಾಗ ಇದನ್ನು ಕತ್ತರಿಸಿ ಆರು ಕಂತು ಮಾಡಿದರು. ಅಲ್ಲಿನ ಡಿವಿಡಿಯಲ್ಲಿರುವುದೂ ಆ ಆರು ಕಂತಿನ ರೂಪವೇ. ಹೆಸರು ಒಂದೇ, ಹೊದಿಕೆಯ ಮೇಲೆ ಅದೇ ಕನ್ನಡಕದ ಗಿನ್ನೆಸ್, ಒಳಗಿನ ಜೋಡಣೆ ಬೇರೆ.

ವೇಗದ ವಿಷಯವೂ ಇದೆ. ಫಿಲ್ಮು ಸೆಕೆಂಡಿಗೆ 24 ಚಿತ್ರ ಓಡುತ್ತದೆ. ಬ್ರಿಟನ್, ಭಾರತಗಳ ಪಾಲ್ ಪದ್ಧತಿಯ ಟೀವಿ 25. ಹೀಗಾಗಿ 24ರ ವೇಗದಲ್ಲಿ ತೆಗೆದ ಫಿಲ್ಮು ಪಾಲ್ ಡಿವಿಡಿಯಲ್ಲಿ ನೂರಕ್ಕೆ ನಾಲ್ಕರಷ್ಟು ಚುರುಕಾಗಿ ಓಡುತ್ತದೆ, ದನಿಯೂ ಕೂದಲೆಳೆಯಷ್ಟು ಏರುತ್ತದೆ. ಹೆಚ್ಚಿನವರಿಗೆ ತಿಳಿಯುವುದೇ ಇಲ್ಲ. ಸಂಗೀತದ ಕಿವಿಯವರಿಗೆ ಶೀರ್ಷಿಕೆ ಸಂಗೀತದಲ್ಲೇ ಶ್ರುತಿ ತಪ್ಪಿದ್ದು ಗೊತ್ತಾಗುತ್ತದೆ. ಟೇಪಿನಲ್ಲಿ ತೆಗೆದ ಧಾರಾವಾಹಿಗಳಿಗೆ ಈ ತೊಂದರೆ ಇಲ್ಲ, ಆದರೆ ಅವು ಇದ್ದಷ್ಟೇ ಗೆರೆಗಳಲ್ಲಿ ಇರುತ್ತವೆ. ಎಷ್ಟೇ ದೊಡ್ಡ ಟೀವಿ ತಂದರೂ ಹೊಸ ವಿವರ ಹುಟ್ಟುವುದಿಲ್ಲ. ಅಂಥದ್ದನ್ನು ಬ್ಲೂ-ರೇಯಲ್ಲಿ ಹುಡುಕುವುದು ದುಡ್ಡು ದಂಡ.

'ದಿ ಪ್ರಿಸನರ್' ಕಂತುಗಳನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬ ಜಗಳ ಐವತ್ತು ವರ್ಷವಾದರೂ ತೀರಿಲ್ಲ. ಪ್ರಸಾರದ ಕ್ರಮ ಒಂದು, ಚಿತ್ರೀಕರಿಸಿದ ಕ್ರಮ ಇನ್ನೊಂದು, ಅಭಿಮಾನಿಗಳು ಕಥೆಯೊಳಗಿನ ಸುಳಿವು ಹಿಡಿದು ಕಟ್ಟಿದವು ಮತ್ತೆ ಕೆಲವು. ಮೊದಲನೆಯದೂ ಕೊನೆಯ ಎರಡೂ ಎಲ್ಲಿರಬೇಕೆಂಬುದರಲ್ಲಿ ಮಾತ್ರ ಎಲ್ಲರಿಗೂ ಒಮ್ಮತ.

ಬೆಂಗಳೂರಿನಿಂದ ಕೊಳ್ಳುವುದಾದರೆ

ಕ್ಯಾಸೆಟ್ ಕಾಲದಲ್ಲಿ ನಮಗೆ ಒಂದು ಅನುಕೂಲವಿತ್ತು. 1982ರಲ್ಲಿ ಬಣ್ಣಕ್ಕೆ ತಿರುಗಿದಾಗ ಭಾರತ ಆರಿಸಿಕೊಂಡದ್ದು ಪಾಲ್ ಪದ್ಧತಿಯನ್ನೇ. ಆದ್ದರಿಂದ ಲಂಡನ್ನಿನಿಂದ ಬಂಧುಗಳು ತಂದ ಕ್ಯಾಸೆಟ್ ನಮ್ಮ ಯಂತ್ರದಲ್ಲಿ ಸಲೀಸಾಗಿ ಓಡುತ್ತಿತ್ತು. ಅಮೆರಿಕದಿಂದ ತಂದದ್ದಕ್ಕೆ ಬಹುಪದ್ಧತಿಯ ಯಂತ್ರ ಬೇಕಿತ್ತು. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಕಳೆದ ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಬೂಷ್ಟು ಕಂಡರೆ ಮಾತ್ರ ಯಂತ್ರಕ್ಕೆ ಹಾಕಬಾರದು, ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ.

ಡಿವಿಡಿ ಬಂದಾಗ ಜಗತ್ತನ್ನು ವಲಯಗಳಾಗಿ ಹಂಚಿದರು: ಅಮೆರಿಕ 1, ಬ್ರಿಟನ್ 2, ಭಾರತ 5. ಬ್ಲೂ-ರೇಯಲ್ಲಿ ಅಮೆರಿಕ ಎ, ಬ್ರಿಟನ್ ಬಿ, ನಾವು ಸಿ. ಬೀಗ ಹಾಕಿದ ಬ್ರಿಟಿಷ್ ಡಿಸ್ಕು ಇಲ್ಲಿನ ಸಾಮಾನ್ಯ ಪ್ಲೇಯರಿನಲ್ಲಿ ಏಳುವುದಿಲ್ಲ. ಡಿವಿಡಿ ಪ್ಲೇಯರುಗಳಲ್ಲಿ ಅನೇಕವನ್ನು ರಿಮೋಟಿನಲ್ಲಿ ಕೆಲವು ಗುಂಡಿ ಒತ್ತಿ ಎಲ್ಲ ವಲಯಕ್ಕೂ ತೆರೆಯಬಹುದಿತ್ತು. ಬ್ಲೂ-ರೇ ಅಷ್ಟು ಸಲೀಸಲ್ಲ. ಡಿಸ್ಕು ತರಿಸುವ ಮೊದಲು ಪ್ಲೇಯರಿನ ವಿಚಾರ ತಿಳಿದುಕೊಳ್ಳುವುದು ಒಳಿತು.

ಕೊಳ್ಳುವುದಂತೂ ಈಗ ಮೊದಲಿನಷ್ಟು ಸುಲಭವಿಲ್ಲ. ಬೆಡೋಸ್ 2022ರಲ್ಲಿ ತೀರಿಕೊಂಡರು. 2023ರಲ್ಲಿ ನೆಟ್‌ವರ್ಕ್ ಬಾಗಿಲು ಮುಚ್ಚಿತು. ಐಟಿಸಿ ಧಾರಾವಾಹಿಗಳ ಹಕ್ಕುಗಳು ಐಟಿವಿಯ ಬಳಿಯೇ ಇವೆ, 'ದಿ ಅವೆಂಜರ್ಸ್' ಸ್ಟುಡಿಯೊಕೆನಾಲ್ ಬಳಿ. ಕೆಲವನ್ನು ಬೇರೆ ಕಂಪನಿಗಳು ಮತ್ತೆ ತಂದಿವೆ, ಆದರೆ ಸಣ್ಣಪುಟ್ಟ ಧಾರಾವಾಹಿಗಳ ಪ್ರತಿಗಳು ಹಳೆ ಸಾಮಾನಿನ ಮಾರುಕಟ್ಟೆಯಲ್ಲಷ್ಟೇ. ಅಂತರ್ಜಾಲದಲ್ಲಿ ಎಲ್ಲ ಸಿಗುತ್ತದಲ್ಲ ಎನ್ನುವವರು, ಸ್ಟ್ರೀಮಿಂಗ್ ತಾಣದಲ್ಲಿ ಹೋದ ತಿಂಗಳಿದ್ದದ್ದು ಈ ತಿಂಗಳು ಇರುತ್ತದೆಂಬ ನೆಚ್ಚಿಕೆಯಿಲ್ಲ ಎಂಬುದನ್ನು ಬೇಗ ಕಲಿಯುತ್ತಾರೆ.

ಒಂದೇ ಒಂದು ಸೆಟ್ಟು ಕೊಳ್ಳುವೆನೆಂದರೆ ನನ್ನ ಮತ 'ದಿ ಸ್ಯಾಂಡ್‌ಬ್ಯಾಗರ್ಸ್'ಗೆ. 1978ರಿಂದ 1980ರವರೆಗೆ ಯಾರ್ಕ್‌ಷೈರ್ ಟೆಲಿವಿಷನ್ ತಂದದ್ದು. ಒಳಾಂಗಣವೆಲ್ಲ ಟೇಪು, ಹೊರಾಂಗಣ ಫಿಲ್ಮು, ಬಣ್ಣ ಸಪ್ಪೆ. ಮೇಜು, ಕಡತ, ಫೋನು, ಕಾರಿಡಾರಿನಲ್ಲಿ ನಿಂತು ಆಡುವ ಮಾತು. ಬೇಹುಗಾರಿಕೆ ಎಂದರೆ ಮುಕ್ಕಾಲುಪಾಲು ಕಚೇರಿ ರಾಜಕೀಯ ಎಂದು ಇಷ್ಟು ಒಣದಾಗಿ, ಇಷ್ಟು ಬಿಗಿಯಾಗಿ ತೋರಿಸಿದ್ದು ಬೇರೊಂದಿಲ್ಲ. ಬರೆದ ಇಯಾನ್ ಮ್ಯಾಕಿಂಟಾಷ್ ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದವನು. 1979ರ ಜುಲೈಯಲ್ಲಿ ಅಲಾಸ್ಕಾ ಬಳಿ ಅವನಿದ್ದ ಸಣ್ಣ ವಿಮಾನ ಕಾಣೆಯಾಯಿತು, ಮತ್ತೆ ಸಿಗಲಿಲ್ಲ. ಮೂರನೆಯ ಸರಣಿಯ ಕೆಲವು ಕಂತುಗಳನ್ನು ಬೇರೆಯವರು ಬರೆದು ಮುಗಿಸಿದರು, ಕೊನೆಯದು ಕಥೆಯ ನಡುವೆಯೇ ನಿಲ್ಲುತ್ತದೆ. ಒಟ್ಟು 20 ಕಂತು, ಒಂದೂ ಅಳಿದಿಲ್ಲ. ಪೆಟ್ಟಿಗೆಯಲ್ಲಿ ಡಿಸ್ಕೊಂದು ಕಡಿಮೆಯಿದೆ ಎಂದು ಮಾರಿದವನ ಜೊತೆ ಜಗಳಕ್ಕೆ ಹೋಗಬೇಡಿ, ಇರುವುದೇ ಅಷ್ಟು.